ಒಂದೇ ಮುಖ ಬಲ್ಲ ಕಾವಲುಗಾರ

ಅಂಚೆಟ್ಟಿಯ ದೊಡ್ಡಮುನಿಯಮ್ಮನ ಹಂದಿಗೂಡಿನಲ್ಲಿ ತಾಯಿಹಂದಿ ಮೇವು ಬಿಟ್ಟು ಮಲಗಿತ್ತು. ಕಿವಿಗಳು ಕೆಂಪೇರಿದ್ದವು. ಹಂದಿಗಳನ್ನಷ್ಟೇ ಕೊಲ್ಲುವ ಆ ಜ್ವರದ ಹೆಸರನ್ನು ಅವರ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಹೆಸರೆತ್ತಿದರೆ ಕರೆದಂತೆ. ಬರೀ ‘ಅವಳು’. ಅವಳು ಬಂದ ಗುಮಾನಿಯಾದರೆ ಚೆನ್ನಾಗಿರುವ ಮರಿಗಳನ್ನು ನೆಂಟರ ಊರಿಗೆ ಬಚ್ಚಿಡಲು ಕಳಿಸುವುದು ವಾಡಿಕೆ. ಮರಿಗಳು ಆಗಲೇ ಬಿದಿರಿನ ಮಂಕರಿಯಲ್ಲಿದ್ದವು. ನಾಟ್ರಾಂಪಾಳ್ಯಕ್ಕೆ ಒಯ್ಯಲು ದೊಡ್ಡಮುನಿಯಮ್ಮನ ತಮ್ಮ ಮುನಿಯಲ್ಲಪ್ಪ ಟೆಂಪೊ ತಂದು ಮಂಕರಿಯನ್ನು ಹೇರಿದ್ದ.

“ವಸಿ ತಡಿ ತಾತ,” ಎಂದಳು ಮೊಮ್ಮಗಳು ಭಾನು. ಹೊಸೂರಿನ ಪ್ರಯೋಗಾಲಯದಲ್ಲಿ ತಾನೂ ಸೇರಿ ತಯಾರಿಸಿದ ಪರೀಕ್ಷೆಯ ಪಟ್ಟಿ ಕೈಯಲ್ಲಿತ್ತು. “ಅದೇ ಜ್ವರ ಆಗಿದ್ರೆ ಮರಿ ಹೋದ ಕಡೆಗೆಲ್ಲ ಹರಡ್ತದೆ. ಡಾಕ್ಟ್ರು ಬಂದು ಈ ಗೂಡಿನ ಹಂದಿಗಳ್ನೆಲ್ಲ ಮುಗಿಸ್ಬೇಕಾಯ್ತದೆ.”

“ನಿನ್ ಕಾಗದದ ಚೂರಿಗೆ ಹಂದಿ ಭಾಷೆ ಬತ್ತದಾ? ತಮಿಳಾ, ತೆಲುಗಾ?” ಮುನಿಯಲ್ಲಪ್ಪ ನಕ್ಕ.

ಭಾನು ಪಟ್ಟಿಗೆ ಹಂದಿಯ ರಕ್ತದ ಹನಿ ಬಿಟ್ಟಳು. ಪಟ್ಟಿಯೊಳಗಿನ, ಆ ಜ್ವರದ ರೋಗಾಣುವನ್ನಷ್ಟೇ ಹಿಡಿಯುವ ಪ್ರತಿಕಾಯ ಮೊದಲು ಹುಟ್ಟಿದ್ದು ಒಂದು ಇಲಿಯ ಮೈಯಲ್ಲಿ. ಇಲಿ ಎಂದೋ ಸತ್ತಿತ್ತು. ಕ್ಯಾನ್ಸರ್ ಕಣಕ್ಕೆ ಬೆಸೆದ ಅದರದೊಂದು ಜೀವಕಣ ಮಾತ್ರ ಸೀಸೆಯ ಬಿಸುಪಿನಲ್ಲಿ ಸಾವನ್ನೇ ಮರೆತು, ಒಂದು ಎರಡಾಗಿ, ಎರಡು ನಾಲ್ಕಾಗಿ, ಅದೇ ಪ್ರತಿಕಾಯವನ್ನು ಹೆರುತ್ತಲೇ ಇತ್ತು.

“ಅಜ್ಜಿ, ಊರಬಾಗ್ಲು ಕಾಯೋನ ಕತೆ ಹೇಳ್ತಿದ್ದೆಯಲ್ಲ? ಹೆಂಡ್ರು ಮಕ್ಳ ಗುರುತೂ ಹತ್ತದೋನು, ಒಬ್ಳು ಕಳ್ಳಿ ಮಾತ್ರ ಯಾವ್ ವೇಷದಲ್ಲಿ ಬಂದ್ರೂ ಕೈ ಹಿಡ್ಕೊತಿದ್ನಲ್ಲ. ಅಂಥೋರು ಇದ್ರೊಳಗೆ ಲಕ್ಷಾಂತರ ಅವ್ರೆ.”

ಪಟ್ಟಿಯ ಮೇಲ್ಗಡೆ ಕೆಂಪು ಗೆರೆಯೊಂದು ಮೂಡಿತು. ಅಜ್ಜಿ ಪಟ್ಟಿಯ ಮೇಲೆ ಬಾಗಿದಳು. “ಬಂದ್ಳಾ?”

“ಇಲ್ಲಜ್ಜಿ. ಅದು ಕಾವಲುಗಾರ ಎಚ್ಚರವಾಗಿದೀನಿ ಅಂತ ಕೆಮ್ಮಿದ್ದು. ಅವಳು ಬಂದಿದ್ರೆ ಕೆಳಗೆ ಇನ್ನೊಂದು ಮೂಡ್ತದೆ.”

ಬಿಳುಪಿನೊಳಗಿಂದ ಎರಡನೆಯ ಗೆರೆ ಕುಂಕುಮದ ಎಳೆಯಂತೆ ನಿಧಾನವಾಗಿ ಎದ್ದು ಬಂತು. ಪ್ರಯೋಗಾಲಯದಲ್ಲಿ ಎಷ್ಟೋ ಸಲ ಕಂಡಿದ್ದ ಗೆರೆಯೇ; ಆದರೂ ಭಾನುವಿನ ಮೈ ಜುಮ್ಮೆಂದಿತು.

ಅಜ್ಜಿ ಕೈಮುಗಿದಳು. “ನಮ್ಮವ್ವನ ಕಾಲ್ದಿಂದ ಗೂಡುಗೂಡೇ ಬರಿದು ಮಾಡ್ಕೊಂಡು ಹೋದ್ಳು. ಒಂದ್ ಕಿತಾನೂ ಮುಖ ತೋರ್ಸಿರ್ಲಿಲ್ಲ.” ಆಮೇಲೆ ಮಂಕರಿಯತ್ತ ನೋಡಿ ಮೆಲ್ಲಗೆ ಕೇಳಿದಳು: “ಊರೂರ್ಗೆ ಅವಳ್ನ ನಾವೇ ಹೊತ್ಕೊಂಡು ಹೋಗ್ತಿದ್ವೇನ್ಲಾ, ಮುನಿಯಲ್ಲ?”

ಮುನಿಯಲ್ಲಪ್ಪ ಮಂಕರಿಯನ್ನು ತಾನೇ ಟೆಂಪೊದಿಂದ ಇಳಿಸಿದ.

ಅಜ್ಜಿ ಮರಿಗಳ ಕಡೆ ಮತ್ತೆ ನೋಡಲಿಲ್ಲ. “ಡಾಕ್ಟ್ರಿಗೆ ಫೋನ್ ಮಾಡು ಮಗಾ. ಹೆಸ್ರು ಹಿಡ್ದೇ ಹೇಳು,” ಎಂದಳು. “ಹಂದಿಜ್ವರ ಬಂದೈತೆ ಅನ್ನು.”