ಹಸನು ಮಾಡಿದ ಮಣ್ಣು

ಬಾಂದ್ರಾದ ಕಡಲಗೋಡೆಯ ಹಿಂದೆ ಮಣ್ಣು ತುಂಬುವ ಕೂಲಿ ನಮ್ಮದು. ನನ್ನನ್ನೂ ಸೇರಿಸಿ ವಿಜಾಪುರ ಕಡೆಯ ಎಂಟು ಹೆಂಗಸರು, ನಾನೇ ಮುಂದಾಳು. ಐವತ್ತಾರರ ಆ ಮಳೆಗಾಲದಲ್ಲಿ ಎರಡು ಸಲ ತುಂಬಿದೆವು. ಎರಡು ಸಲವೂ ಹುಣ್ಣಿಮೆಯ ಉಬ್ಬರ ಬಂದುಹೋದ ಮೇಲೆ ಗೋಡೆ ನೆಟ್ಟಗಿತ್ತು, ಅದರ ಹಿಂದಿನ ನೆಲ ಮಾತ್ರ ಕುಸಿದು ಗುಂಡಿ ಬಿದ್ದಿತ್ತು.

ಮೇಲ್ವಿಚಾರಕ ಕಾಂತಪ್ಪ ಮಂಗಳೂರಿನವರು. "ಎಂಥದು ರಾಚವ್ವಾ, ಮಣ್ಣು ಹಾಕಿದ್ದಾ, ಗಾಳಿ ಹಾಕಿದ್ದಾ? ಇನ್ನೊಂದು ಸಲ ಕುಸಿದರೆ ನಿಮ್ಮ ಗ್ಯಾಂಗ್ ಬೇಡ ಮಾರಾಯ್ತಿ" ಎಂದರು.

ನನಗೆ ಅಂಗಾಲಿನಿಂದ ನೆತ್ತಿಗೆ ಸಿಟ್ಟೇರಿತು. "ಬುಟ್ಟಿ ಹೊತ್ತು ಹೊತ್ತು ನೆತ್ತಿ ಬೋಳಾಗೇತ್ರಿ! ನಾವೇನ ಮಣ್ಣ ತಿಂದೇವೇನ್ರಿ?" ಎಂದೆ. ಬಾಯೇನೋ ಜೋರಾಗಿತ್ತು. ಆದರೆ ಕೆಲಸ ಹೋದರೆ ಎಂಟು ಮನೆಯ ಒಲೆ ಹತ್ತುತ್ತಿರಲಿಲ್ಲ.

ಮರುದಿನ ನೀರು ಇಳಿದಾಗ ಗೋಡೆಯ ಆಚೆ ಇಳಿದು ನೋಡಿದೆ. ನೀರು ಹೊರಹೋಗಲೆಂದು ಬಿಟ್ಟ ತೂತುಗಳಿಂದ ಕೆಂಪು ರಾಡಿ ಸುರಿಯುತ್ತಿತ್ತು. ಅಯ್ಯೋ ಶಿವನೇ, ನಾವು ತುಂಬಿದ ಮಣ್ಣೇ! ಮೇಲೆ ಬಂದರೆ ನಮ್ಮ ಗ್ಯಾಂಗಿನ ಶರಣವ್ವ ಹೊಸ ಮಣ್ಣಿನೊಳಗಿನ ಕಲ್ಲು ಆರಿಸಿ ದೂರಕ್ಕೆ ಒಗೆಯುತ್ತಾ ಕುಳಿತಿದ್ದಳು. ಹಾಗೆ ಮಾಡೆಂದು ಹೇಳಿದವಳು ನಾನೇ. ಒಕ್ಕಲುತನದ ಕೈಗಳು ನಮ್ಮವು, ಮಣ್ಣಿನಲ್ಲಿ ಕಲ್ಲು ಕಂಡರೆ ಸುಮ್ಮನಿರುವುದಿಲ್ಲ. ಬಿತ್ತುವ ಹೊಲದಂತೆ ಹಸನು ಮಾಡಿ, ತಡೆಯಲು ಒಂದು ಕಲ್ಲೂ ಬಿಡದೆ ಸಮುದ್ರಕ್ಕೆ ಉಣಬಡಿಸಿದ್ದೆವು.

"ಒಗೀಬ್ಯಾಡಬೇ! ಇಲ್ಲೇನ ಜ್ವಾಳಾ ಬಿತ್ತಾವ್ರೇನ ನಾವು?" ಎಂದು ಕೂಗಿದೆ.

ನೇರ ಕಾಂತಪ್ಪನವರ ಹತ್ತಿರ ಹೋದೆ. ತಪ್ಪೊಪ್ಪಿಕೊಳ್ಳುವುದು ನನಗೆ ಬೇವು ಜಗಿದ ಹಾಗೆ. "ತಪ್ಪ ನಂದ ಐತ್ರಿ ಸಾಹೇಬ್ರ. ಕಲ್ಲೆಲ್ಲಾ ಆರಿಸಿ ಒಗದೀವಿ. ಇದೊಂದ ಸಲ ನಾ ಹೇಳಿದಂಗ ತುಂಬಾಕ ಬಿಡ್ರಿ."

"ಆಯ್ತು. ಇದೇ ಕೊನೆ" ಎಂದರು ಅವರು.

ಗುಂಡಿ ಬಗೆದು, ಒಗೆದ ಕಲ್ಲನ್ನೆಲ್ಲಾ ಹೊತ್ತು ತಂದೆವು. ತೂತುಗಳ ಹಿಂದೆ ದಪ್ಪ ಕಲ್ಲು, ಅದರ ಹಿಂದೆ ಸಣ್ಣ ಕಲ್ಲು, ಆಮೇಲೆ ಜಲ್ಲಿ, ಉಸುಕು, ಕಟ್ಟಕಡೆಗೆ ಮಣ್ಣು. ನೀರು ಹೋಗಬೇಕು, ಮಣ್ಣು ಉಳಿಯಬೇಕು.

ಮುಂದಿನ ಹುಣ್ಣಿಮೆಯ ಮಧ್ಯಾಹ್ನ ಅಲೆಗಳು ಗೋಡೆ ಹಾರಿ ನಮ್ಮನ್ನು ತೋಯಿಸಿದವು. ಯಾರೂ ಮನೆಗೆ ಹೋಗಲಿಲ್ಲ. ನೀರು ಇಳಿದಾಗ ಕಾಂತಪ್ಪನವರೇ ಕೆಳಗಿಳಿದು, ತೂತಿನಿಂದ ಬರುವ ನೀರನ್ನು ಬೊಗಸೆಯಲ್ಲಿ ಹಿಡಿದರು. ತಿಳಿಯಾಗಿತ್ತು! ಮೇಲೆ ನೆಲ ಒಂದು ಬೆರಳಷ್ಟೂ ಇಳಿದಿರಲಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಅದರ ಮೇಲೆ ದಬದಬ ಕುಣಿದೆ. ಉಳಿದ ಏಳೂ ಜನ ಬಂದು ಕೂಡಿಕೊಂಡರು.

"ನೀವೂ ಕುಣೀರಿ ಸಾಹೇಬ್ರ, ಕುಸಿಯಂಗಿಲ್ಲ!"

ಕಾಂತಪ್ಪ ನಕ್ಕುಬಿಟ್ಟರು. "ದಾದರ್ ಕಡೆ ಇನ್ನೊಂದು ಗೋಡೆ ಉಂಟು, ಅಲ್ಲಿಯೂ ಮಣ್ಣು ನಿಲ್ಲುದಿಲ್ಲ. ನಾಳೆ ನೀನೊಬ್ಬಳು ಬಂದು ತೋರಿಸ್ತೀಯಾ?"

"ಒಬ್ಬಾಕಿ ಬರಂಗಿಲ್ರೀ," ಎಂದೆ. "ಎಂಟೂ ಮಂದಿ ಬರ್ತೀವಿ."