ಆ ಬೋರ್ಡಿನಲ್ಲಿ ಏನಿದೆ?

ಮೂವತ್ತೊಂದು ವರ್ಷ ಊರವರಿಗೆಲ್ಲ ಕಾರು ಕಲಿಸಿದ ಹೆಂಗಸು ಸ್ವಂತ ಗಂಡನಿಗೆ ಕಲಿಸಲಾರದೆ ಕೈಚೆಲ್ಲಿದ್ದಳು. ಅವನೋ ಕ್ಷೌರದಂಗಡಿಯವನು, ಕತ್ತರಿ ನಿಂತರೂ ನಾಲಿಗೆ ನಿಲ್ಲದ ಆಸಾಮಿ. ಹಾಗಾಗಿ ಕಣಿವೆಯ ಜಲಪಾತ ನೋಡಲು ಹೊರಟ ಆ ಬೆಳಿಗ್ಗೆಯೂ ಸ್ಟೀರಿಂಗ್ ಅವಳ ಕೈಯಲ್ಲೇ. ಅವನು ಪಕ್ಕದ ಸೀಟಿನಲ್ಲಿ. ಅಲ್ಲಿ ಕಾಲ ಬಳಿ, ಕಲಿಸುವವರಿಗೆಂದೇ ಇಟ್ಟ ಎರಡನೇ ಬ್ರೇಕು.

"ಅದರ ಮೇಲಿಂದ ಕಾಲು ತೆಗೀರಿ ಅಂತ ಎಷ್ಟು ಸಲ ಹೇಳ್ಬೇಕು?"

"ತೆಗೆದೆ ಮೇಷ್ಟ್ರೇ. ಯಾಕಿವತ್ತು ಎದ್ದಾಗಿಂದ ಸಿಡಿಸಿಡಿ ಅಂತಿದ್ದೀಯ?"

ಏನಂತ ಹೇಳುವುದು? ಇನ್ನು ಕಾರು ಓಡಿಸಕೂಡದೆಂದು ಕಣ್ಣಿನ ಡಾಕ್ಟರು ಮೂರು ವಾರದ ಹಿಂದೆಯೇ ಕಡ್ಡಿ ಮುರಿದಂತೆ ಹೇಳಿದ್ದರು. ಅಂಚಿನಲ್ಲಿರುವುದೆಲ್ಲ ಕಾಣುತ್ತಿತ್ತು, ನೆಟ್ಟಗೆ ನೋಡಿದ್ದು ಮಾತ್ರ ಮಸುಕು. ಗುಣವಾಗುವ ಕಾಯಿಲೆಯೂ ಅಲ್ಲವಂತೆ. ಸೋಮವಾರಕ್ಕೆ ಹನ್ನೊಂದು ಜನ ಕಲಿಯುವವರು ಕಾದಿದ್ದರು. ಕಾರು ಬಿಟ್ಟರೆ ಅವಳು ಯಾರು? ಗಂಡನ ಹತ್ತಿರವಾದರೂ ಬಾಯಿಬಿಡಬಾರದಿತ್ತೆ ಮಹಾರಾಯ್ತಿ! ಬಿಡಲಿಲ್ಲ. ಕಣ್ಣು ಪೂರ್ತಿ ಕತ್ತಲಾಗುವ ಮೊದಲು ಆ ನೀರನ್ನೊಮ್ಮೆ ನೋಡಿಬಿಡೋಣವೆಂದು ಅವನನ್ನು ಎಳೆದುಕೊಂಡು ಹೊರಟೇಬಿಟ್ಟಳು.

ಕಲಿಯುವವರು ತೂಕಡಿಸದಿರಲಿ ಎಂದು ದಾರಿಯುದ್ದಕ್ಕೂ "ಆ ಬೋರ್ಡಿನಲ್ಲಿ ಏನಿದೆ, ಓದಿ" ಎನ್ನುವುದು ಅವಳ ಹಳೆಯ ಅಭ್ಯಾಸ. ಈಗ ಅದೇ ಉಪಾಯಕ್ಕೆ ಬಂತು. ಗಂಡ ಶಾಲೆ ಹುಡುಗನ ಹಾಗೆ ರಾಗವಾಗಿ ಓದುತ್ತ ಬಂದ. ಸೇತುವೆ ಕಿರಿದಾಗಿದೆ. ಮುಂದೆ ತಿರುವು. ಎಲೆ ಉದುರುವ ಕಾಲ, ಎರಡು ಕಡೆಯೂ ಮರಗಳು ಕೆಂಪು, ಹಳದಿ. ಅವನು ಅದನ್ನೆಲ್ಲ ವರ್ಣಿಸುತ್ತಿದ್ದರೆ ಅವಳು ರಸ್ತೆಯಂಚಿನ ಬಿಳಿಗೆರೆಯನ್ನೇ ನೆಚ್ಚಿಕೊಂಡು ಕಾರು ಬಿಡುತ್ತಿದ್ದಳು. ಎಲ್ಲಾದರೂ ನಿಲ್ಲಿಸಿಬಿಡಲೇ ಎನ್ನಿಸುವುದು, ಇನ್ನೇನು ಬಂತಲ್ಲ ಎಂದು ಮುಂದೆ ಹೋಗುವುದು.

ಜಲಪಾತವಿದ್ದ ಉದ್ಯಾನದ ಗೇಟು ದಾಟಿದ ಮೇಲೆ ದಾರಿ ಕವಲೊಡೆಯಿತು.

"ಬೋರ್ಡಿನಲ್ಲಿ ಏನಿದೆ?"

ಅಷ್ಟು ಹೊತ್ತಿಗೆ ಓದಿ ಓದಿ ಅವನಿಗೂ ಸಾಕಾಗಿತ್ತು. ಎಡದಾರಿಯ ಬಾಯಲ್ಲಿ 'ಕೆಲಸ ನಡೆಯುತ್ತಿದೆ, ವಾಹನಗಳಿಗೆ ಪ್ರವೇಶವಿಲ್ಲ' ಎಂದು ಆಳೆತ್ತರದ ಅಕ್ಷರ. "ಜಲಪಾತಕ್ಕೆ ಎಡಕ್ಕೆ ಹೋಗಿ ಅಂತಿದೆ" ಎಂದು ಗಂಭೀರವಾಗಿ ಹೇಳಿ, ಬೈಗುಳ ತಿನ್ನಲು ಸಿದ್ಧನಾಗಿ ಕೂತ.

ಬೈಗುಳ ಬರಲಿಲ್ಲ. ಅವಳು ಎಡಕ್ಕೆ ತಿರುಗಿಸಿದಳು.

"ಏಯ್, ತಮಾಷೆ ಮಾಡಿದೆ ಕಣೇ! ನಿಲ್ಸು, ಯಾರೋ ಇದ್ದಾರೆ, ನಿಲ್ಸು!"

ಎಲ್ಲಿ, ಯಾರು ಎಂದು ಅವಳು ಹುಡುಕುವಷ್ಟರಲ್ಲಿ ಅವನ ಕಾಲು ಎರಡನೇ ಬ್ರೇಕನ್ನು ತುಳಿದಿತ್ತು. ಕಾರು ಮುಗ್ಗರಿಸಿ ನಿಂತಿತು. ಮೂತಿಗೆ ಒಂದು ಮೊಳ ದೂರದಲ್ಲಿ ಎಲೆ ಗುಡಿಸುವ ಹೆಂಗಸು ಪೊರಕೆಯನ್ನು ಎದೆಗವಚಿಕೊಂಡು ನಿಂತಿದ್ದಳು. ಜೀವ ಬಂದ ಮೇಲೆ ಬಾಯಿ ಬಂತು.

"ಕಣ್ಣು ಕಾಣ್ಸಲ್ವೇನ್ರೀ ನಿಮಗೆ?"

"ಕಾಣ್ಸಲ್ಲ" ಎಂದಳು ಇವಳು, ಎರಡೂ ಕೈ ಮಡಿಲಿಗಿಳಿಸಿ. "ಕಾಣ್ಸಲ್ಲಮ್ಮ. ತಪ್ಪಾಯ್ತು."

ಗಂಡನಿಗೆ ಎಲ್ಲ ಹೇಳಿ ಮುಗಿಸುವವರೆಗೂ ಅವಳು ತಲೆ ಎತ್ತಲಿಲ್ಲ. ಅವನು ಕೂಗಾಡಲಿಲ್ಲ. ಕೈ ಚಾಚಿ ಕೀಲಿ ಕಿತ್ತು ಜೇಬಿಗಿಟ್ಟುಕೊಂಡ. "ಆ ಹನ್ನೊಂದು ಜನಕ್ಕೂ ನಾನೇ ಫೋನ್ ಮಾಡ್ತೀನಿ. ಬರಬೇಡಿ ಅಂತೀನಿ" ಎಂದ. ಅವಳು ಹೂಂ ಎಂದಳು.

ಬಂದದ್ದು ಬಂದಾಗಿದೆ ಎಂದು ಕಾರನ್ನು ಅಲ್ಲೇ ಬಿಟ್ಟು ಜಲಪಾತದವರೆಗೆ ನಡೆದೇ ಹೋದರು. ಮೊದಲು ಸದ್ದು ಸಿಕ್ಕಿತು, ಆಮೇಲೆ ಮುಖಕ್ಕೆ ತಣ್ಣನೆಯ ಹನಿ. ಕಂಬಿ ಹಿಡಿದು ಅವಳು ನೆಟ್ಟಗೆ ನೋಡಿದಳು, ಮಸುಕು. ಕತ್ತು ಓರೆ ಮಾಡಿದಳು, ಬಿಳಿಯ ಗೀರೊಂದು ಬಂದು ಜಾರಿಹೋಯಿತು.

"ಧೋ ಅಂತ ಬೀಳ್ತಿದೆ ಕಣೇ" ಎಂದು ಅವನು ಅವಸರವಸರವಾಗಿ ಶುರು ಮಾಡಿದ. "ಕೆಳಗೆ ಕಾಮನಬಿಲ್ಲು ಬೇರೆ. ಇಷ್ಟು ದೊಡ್ಡದು!"

ಅವಳು ಅವನ ಕಡೆ ತಿರುಗಿದಳು. ಅವನು ಸುಳ್ಳು ಹೇಳುವಾಗಲೆಲ್ಲ ಮೀಸೆಯ ಒಂದು ತುದಿ ಅದುರುತ್ತಿತ್ತು, ಮದುವೆಯಾದಂದಿನಿಂದ ಅವಳು ಹಿಡಿಯುತ್ತಿದ್ದುದೇ ಅಲ್ಲಿ. ಈಗ ಎರಡು ಕಿವಿ ಕಂಡವು, ನಡುವೆ ಏನೂ ಇಲ್ಲ.

"ನಿಮ್ಮ ಮುಖ ಕಾಣ್ತಿಲ್ಲರೀ" ಎಂದಳು. "ಇನ್ಮೇಲೆ ನೀವು ಹೇಳಿದ್ದನ್ನೇ ನಾನು ನಂಬಬೇಕು."

ಮಾತುಗಾರ ಕಂಬಿಯ ಮೇಲೆ ಬಗ್ಗಿ ಇನ್ನೊಮ್ಮೆ ಕೆಳಗೆ ನೋಡಿದ.

"ಕಾಮನಬಿಲ್ಲು ಇಲ್ಲ ಕಣೇ" ಎಂದ ಆಮೇಲೆ. "ನೀರೂ ಕಮ್ಮಿ."