ಆರು ಹಸಿರು ಬೀಜ

ಸೋಮಮ್ಮನ ಕೈಗುಣದ ಬಗ್ಗೆ ಚಂದಕವಾಡಿಯ ಆ ಬೀದಿಯಲ್ಲಿ ಯಾರೂ ಎರಡು ಮಾತಾಡುತ್ತಿರಲಿಲ್ಲ. ಅವರೆಯಾಗಲಿ, ಹುಚ್ಚೆಳ್ಳಾಗಲಿ, ಹೊಲಕ್ಕೆ ಹೋಗುವ ಮುಂಚೆ ಅವಳ ಜಗುಲಿಗೆ ಬಂದೇ ಹೋಗಬೇಕು. ಅವಳು ಮೊರವನ್ನು ಮಂಡಿಯ ಮೇಲಿಟ್ಟುಕೊಂಡು ನಾಲ್ಕು ಸಲ ಕೇರಿ, ಜೊಳ್ಳನ್ನೂ ಬೆರಕೆಯನ್ನೂ ಆರಿಸಿ ಎಸೆದು, ಮೊದಲ ಹಿಡಿಯನ್ನು ತನ್ನ ಕೈಯಿಂದಲೇ ಎತ್ತಿ ಕೊಟ್ಟರೆ ಒಂದು ಮೊಳಕೆಯೂ ತಪ್ಪುವುದಿಲ್ಲ ಎಂಬುದು ನಂಬಿಕೆ. ಊರಿನ ದೊಡ್ಡ ಜಮೀನ್ದಾರ ಗುರುಪಾದಸ್ವಾಮಿಯವರ ಅರಿಶಿನದ ಹೊಲದಲ್ಲಿ ಇಪ್ಪತ್ತೆರಡು ವರ್ಷದಿಂದ ಮೊದಲ ಕೊಂಬು ನೆಡುತ್ತಿದ್ದವಳೂ ಅವಳೇ. ಪ್ರತಿ ವರ್ಷ ಆ ಬೆಳಿಗ್ಗೆ ನಾಟಿಗೆ ಬಂದ ಹೆಂಗಸರೆಲ್ಲ ಸಾಲಾಗಿ ನಿಂತು, ಸೋಮಮ್ಮ ಬಗ್ಗುವುದನ್ನೇ ಕಾಯುತ್ತಿದ್ದರು. ಅಷ್ಟು ಹೊತ್ತು ಅವಳು ಯಾರ ಹೊಲದ ಕೂಲಿಯವಳೂ ಅಲ್ಲ. ಬಾಯಿಬಿಟ್ಟು ಹೇಳದಿದ್ದರೂ ವರ್ಷವೆಲ್ಲ ಅವಳು ಎದುರು ನೋಡುತ್ತಿದ್ದದ್ದು ಆ ಒಂದು ಗಳಿಗೆಯನ್ನು.

ಇಂಥ ಹೆಂಗಸಿನ ಮನೆಗೆ ಹೈಬ್ರಿಡ್ ಸೌತೆಬೀಜ ತಂದವಳು ಸೊಸೆ ಶಶಿರೇಖಾ. ಯುಗಾದಿಗೆ ಗುಂಡ್ಲುಪೇಟೆಯ ತವರಿಗೆ ಹೋದವಳು ಬರುವಾಗ ಬಸ್ ಸ್ಟ್ಯಾಂಡ್ ಹತ್ತಿರದ ಬೀಜದಂಗಡಿಯಲ್ಲಿ ಒಂದು ಪುಟ್ಟ ಪೊಟ್ಟಣ ಕೊಂಡಿದ್ದಳು. ಬಚ್ಚಲ ನೀರು ಹಿತ್ತಿಲಲ್ಲಿ ಸುಮ್ಮನೆ ಹರಿದು ಹೋಗುತ್ತದೆ, ಮಳೆಗೆ ಮುಂಚೆ ಊರಲ್ಲಿ ಯಾರೂ ಸೌತೆ ಹಾಕುವುದಿಲ್ಲ, ನಾವು ಹಾಕಿದರೆ ಬೇಸಿಗೆಗೇ ಕಾಯಿ ತಿನ್ನಬಹುದು ಎಂದು ಅವಳ ಲೆಕ್ಕ. ಅತ್ತೆಗೆ ಹೈಬ್ರಿಡ್ ಎಂದರೆ ಅಷ್ಟಕ್ಕಷ್ಟೆ. ಆದರೂ ಬೀಜ ಅಂದ ಮೇಲೆ ಮೊರಕ್ಕೆ ಬೀಳದೆ ಮಣ್ಣಿಗೆ ಬೀಳುವುದುಂಟೆ? ಪೊಟ್ಟಣ ಹರಿದು ಸುರಿದುಕೊಂಡಳು. ಖಾಲಿ ಪೊಟ್ಟಣದ ಹಿಂಭಾಗದಲ್ಲಿ ಇಂಗ್ಲಿಷಿನಲ್ಲಿ ಏನೋ ಸಣ್ಣದಾಗಿ ಬರೆದಿತ್ತು; ಅದು ನೀರೊಲೆಗೆ ಹೋಯಿತು.

ಔಷಧಿ ಹಚ್ಚಿದ ಬೀಜಗಳು, ಹೆಚ್ಚಿನವು ಗುಲಾಬಿ ಬಣ್ಣ. ಗುಲಾಬಿಯವೇ ಮೂವತ್ತನಾಲ್ಕು ಇದ್ದವು. ಅವುಗಳ ನಡುವೆ ಆರು ಮಾತ್ರ ಹಸಿರು. ಸೋಮಮ್ಮನ ಕಣ್ಣಿಗೆ ಅಷ್ಟು ಸಾಕಾಯಿತು. ಪೇಟೆಯವರು ಬೀಜದಲ್ಲೂ ಬೆರಕೆ ಮಾಡುತ್ತಾರಲ್ಲ ಎಂದು ಬಯ್ದುಕೊಂಡು ಆರನ್ನೂ ಉಗುರಿನಲ್ಲಿ ಚಿಮ್ಮಿ ಕಸದ ಜೊತೆ ಗುಡಿಸಿದಳು. ಕೋಳಿಗಳೂ ಅದನ್ನು ಮೂಸಲಿಲ್ಲ. ಆ ಕಸ ಸಗಣಿ ಬುಟ್ಟಿಗೆ ಸೇರಿ, ಊರಾಚೆ ಕೆರೆ ದಾರಿಯಲ್ಲಿದ್ದ ಅವರ ತಿಪ್ಪೆಗೆ ಹೋಯಿತು. ಶಶಿರೇಖಾ ಪಕ್ಕದಲ್ಲೇ ಕೂತಿದ್ದಳು. ಆ ಬೀಜವೂ ಇರಲಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ಆದರೆ ಮೊರ ಹಿಡಿದ ಸೋಮಮ್ಮನಿಗೆ ಎದುರಾಡಿದವರು ಆ ಮನೆಯಲ್ಲಿ ಇದುವರೆಗೆ ಯಾರೂ ಇರಲಿಲ್ಲ.

ಬಿತ್ತಿದ ಮೂವತ್ತನಾಲ್ಕೂ ಹುಟ್ಟಿದವು. ಮಗ ನಾಗೇಂದ್ರ ಬಿದಿರಿನ ಗಳ ನೆಟ್ಟು ಹುರಿ ಕಟ್ಟಿ ಚಪ್ಪರ ಹಾಕಿಕೊಟ್ಟ. ತಿಂಗಳು ಕಳೆಯುವಷ್ಟರಲ್ಲಿ ಬಳ್ಳಿ ಚಪ್ಪರ ಮುಚ್ಚಿ, ಗಿಣ್ಣಿಗೊಂದು ಹಳದಿ ಹೂ ಬಿಟ್ಟಿತು. ಒಂದೊಂದು ಹೂವಿನ ಬುಡದಲ್ಲೂ ಬೆರಳುಗುರಿನಷ್ಟು ಹೀಚು. ಬೀದಿಯೆಲ್ಲ ಬಂದು ನೋಡಿ ಹೋಯಿತು. ಎದುರು ಮನೆಯ ಸುಂದ್ರಮ್ಮ ಕೂಡ ಬಂದು, ಇಷ್ಟು ಕಾಯಿ ಯಾರಿಗೆ ಹಂಚುತ್ತೀಯ ಎಂದು ಕೇಳಿದಳು. ಸೋಮಮ್ಮ ಬೀಗಿದಳು. ಬೀಗದೆ ಇನ್ನೇನು ಮಾಡಿಯಾಳು?

ಎರಡು ದಿನ ಬಿಟ್ಟು ಹೀಚುಗಳು ಹಳದಿಯಾದವು. ಮೂರನೆಯ ದಿನ ಸುಕ್ಕುಗಟ್ಟಿ ಉದುರಿದವು. ಹೊಸ ಹೂ ಬಂತು, ಅದೂ ಹಾಗೇ ಹೋಯಿತು. ಬೂದಿ ಎರಚಿದಳು, ಹುಳಿ ಮಜ್ಜಿಗೆ ಚಿಮುಕಿಸಿದಳು, ದೃಷ್ಟಿಗೆಂದು ಹಳೇ ಕೆರ ಕಟ್ಟಿದಳು. ಒಂದು ಕಾಯಿಯೂ ಕಚ್ಚಲಿಲ್ಲ. ಹೈಬ್ರಿಡ್ ತಂದ ಸೊಸೆಗೆ ದಿನಕ್ಕೆರಡು ಸಲ ಬಯ್ಗುಳ ಬಿತ್ತು. ಶಶಿರೇಖಾ ಕಣ್ಣು ಒರೆಸಿಕೊಂಡು ಕೆಲಸಕ್ಕೆ ತಿರುಗುತ್ತಿದ್ದಳು. ಸುಂದ್ರಮ್ಮ ಮಾತ್ರ ಸುಮ್ಮನಿರಲಿಲ್ಲ. ಸೋಮಮ್ಮನ ಕೈಗುಣ ಬಿದ್ದು ಹೋಗಿದೆ ಎಂದು ನೀರಿನ ಟ್ಯಾಂಕಿನ ಹತ್ತಿರ ಅವಳು ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನಕ್ಕೆ ಗುರುಪಾದಸ್ವಾಮಿಯವರ ತೊಟ್ಟಿಮನೆಗೆ ಮುಟ್ಟಿತು.

ಮಾರನೆ ದಿನ ಅವರ ಹೊಲದ ಆಳು ಚಿಕ್ಕಣ್ಣ ಬಂದ. ಕೂರು ಎಂದರೂ ಕೂರದೆ, ತಲೆ ಕೆರೆದುಕೊಂಡು ನಿಂತ.

"ರೋಹಿಣಿ ಮಳೆಗೆ ಅರಿಶ್ಣ ನಾಟಿ ಅಕ್ಕಯ್ಯ. ಮೊದಲ ಕೊಂಬು ಯಾರ ಕೈಲಿ ಅಂತ ಸ್ವಾಮೇರು ಇನ್ನೂ ಬಾಯ್ಬುಟ್ಟಿಲ್ಲ. ನಿಮ್ಮ ಸೌತೆ ಬಳ್ಳಿ ಏನಾಯ್ತದೋ ನೋಡ್ಬುಟ್ಟು ತೀರ್ಮಾನ ಮಾಡ್ತರಂತೆ."

ರೋಹಿಣಿ ಮಳೆಗೆ ಉಳಿದದ್ದು ಹದಿನೆಂಟು ದಿನ. ಸೋಮಮ್ಮನಿಗೆ ಅನ್ನ ಸೇರಲಿಲ್ಲ. ಅವಮಾನಕ್ಕಿಂತ ಹೆಚ್ಚಾಗಿ ಭಯವಾಯಿತು. ಕೈ ನಿಜವಾಗಿಯೂ ಹೋಗಿದ್ದರೆ? ಎರಡೂ ಅಂಗೈಯನ್ನು ಬಿಸಿಲಿಗೆ ಹಿಡಿದು ತಿರುವಿ ತಿರುವಿ ನೋಡಿಕೊಂಡಳು. ಅವೇ ಗೆರೆ, ಅವೇ ಬೊಬ್ಬೆ. ಆಮೇಲೆ ಸಿಟ್ಟು ಬಂತು. ಬಾಡಿದ ಹೀಚುಗಳನ್ನು ಒಂದು ಹಿಡಿ ಸೆರಗಿಗೆ ಗಂಟು ಹಾಕಿಕೊಂಡು, ಸೊಸೆಯಿಂದ ಅಂಗಡಿಯ ಗುರುತು ಕೇಳಿಕೊಂಡು, ಚಾಮರಾಜನಗರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೊರಟಳು.

ಬೀಜದಂಗಡಿಯ ಮಹದೇವಪ್ರಸಾದ್ ಈರುಳ್ಳಿ ಬೀಜ ತೂಗುತ್ತಿದ್ದ. ಸೋಮಮ್ಮ ಅವನ ತಕ್ಕಡಿಯ ಪಕ್ಕ ಗಂಟು ಬಿಚ್ಚಿ ಹೀಚುಗಳನ್ನು ಸುರಿದಳು. ನಿನ್ನ ಬೀಜ ಬಂಜೆ, ನಿನ್ನ ಪೊಟ್ಟಣ ಬೆರಕೆ, ಇದರಿಂದ ನನ್ನ ಇಪ್ಪತ್ತೆರಡು ವರ್ಷದ ಮಾನ ಹೋಯಿತು ಎಂದು ಅಂಗಡಿ ಮುಂದೆ ಜನ ಸೇರುವ ಹಾಗೆ ಜಾಡಿಸಿದಳು. ಈರುಳ್ಳಿ ಲೋಡಿಗೆ ಕಾಯುತ್ತಿದ್ದ ಕೇರಳದ ಲಾರಿ ಡ್ರೈವರ್ ಒಬ್ಬ ಭಾಷೆ ಅರ್ಥವಾಗದಿದ್ದರೂ ಚಹಾ ಹಿಡಿದು ಹತ್ತಿರ ಬಂದು ನಿಂತ. ಮಹದೇವಪ್ರಸಾದ್ ಅವಳಿಗೆ ಉಸಿರು ತಿರುಗುವವರೆಗೂ ಕಾದ. ಆಮೇಲೆ ಒಂದು ಹೀಚನ್ನು ಬೆರಳಲ್ಲಿ ಹೊರಳಿಸಿ ನೋಡಿದ.

"ಹಸಿರು ಬೀಜ ಆರಿದ್ವಲ್ಲ ಅಮ್ಮ, ಅವನ್ನ ಹಾಕಿದ್ರಾ? ಗುಲಾಬಿ ಬೀಜದ ಬಳ್ಳೀಲಿ ಬರೋದೆಲ್ಲ ಹೆಣ್ಣು ಹೂವೇ. ಗಂಡು ಹೂ ಬಿಡೋದು ಆ ಆರೇ. ಗುರುತು ಸಿಗ್ಲಿ ಅಂತ ಕಂಪನಿಯೋರು ಬೇರೆ ಬಣ್ಣ ಹಚ್ಚಿರ್ತಾರೆ."

ಅವನು ಇನ್ನೂ ಹೇಳುತ್ತಲೇ ಇದ್ದ. ಹತ್ತಿರದಲ್ಲಿ ಗಂಡು ಹೂ ಇದ್ದರೆ ಜೇನುನೊಣ ಕೆಲಸ ಮಾಡುತ್ತದೆ, ಇಲ್ಲವೆಂದರೆ ಬೆಳಿಗ್ಗೆ ಗಂಡು ಹೂ ಕಿತ್ತು ತಂದು ಹೆಣ್ಣು ಹೂವಿನ ನಡುವಿಗೆ ಮುಟ್ಟಿಸಿದರೂ ನಡೆಯುತ್ತದೆ, ಆದರೆ ಈಗ ಹೊಸದಾಗಿ ಬಿತ್ತಿದರೆ ಹೂ ಬರಲು ತಿಂಗಳ ಮೇಲಾಗುತ್ತದೆ ಎಂದ. ಅವಳು ಹೀಚುಗಳನ್ನು ಮತ್ತೆ ಸೆರಗಿಗೆ ತುಂಬಿಕೊಂಡಳು. ಬಯ್ದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಪ್ಪ ಎಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ಕಿಟಕಿಯಾಚೆ ಏನೂ ಕಾಣಿಸಲಿಲ್ಲ. ಬೀಜ ಅರಿಯುವವಳೆಂದು ಮೆರೆದವಳು ಮೂವತ್ತನಾಲ್ಕು ಬಳ್ಳಿಯನ್ನು ಬಂಜೆ ಮಾಡಿಟ್ಟಿದ್ದಳು. ಏನೂ ಗೊತ್ತಿಲ್ಲದ ಸೊಸೆಗೆ ದಿನಾ ಬಯ್ದಿದ್ದಳು.

ಮನೆಗೆ ಬಂದವಳು ಚಪ್ಪಲಿ ಬಿಟ್ಟವಳೇ ಹಿತ್ತಿಲಿಗೆ ಹೋದಳು. ಶಶಿರೇಖಾ ಬಟ್ಟೆ ಒಗೆಯುತ್ತಿದ್ದಳು.

"ತಪ್ಪು ಬೀಜದ್ದಲ್ಲ, ನಿಂದೂ ಅಲ್ಲ ಕಣಮ್ಮಿ. ಆ ಅಸ್ರು ಬೀಜನೇ ಗಂಡು ಊವಿಂದಂತೆ. ನಾನೇ ನನ್ ಕೈಯಾರ ತಿಪ್ಪೆಗೆ ಎಸ್ದ್ಬುಟ್ಟೆ."

ಅತ್ತೆ ತಪ್ಪೊಪ್ಪಿಕೊಂಡದ್ದನ್ನು ಶಶಿರೇಖಾ ಮದುವೆಯಾದಾಗಿನಿಂದ ನೋಡಿರಲಿಲ್ಲ. ಅತ್ತೆಯನ್ನು ಸಮಾಧಾನ ಮಾಡಬೇಕೋ ತಾನೂ ಅಳಬೇಕೋ ತಿಳಿಯದೆ ಸೋಪಿನ ಕೈಯಲ್ಲೇ ನಿಂತಳು. ಆಮೇಲೆ ಅವಳ ಮುಖ ಬದಲಾಯಿತು. ಹೋದ ವಾರ ಸಗಣಿ ಸುರಿಯಲು ಹೋದಾಗ ತಿಪ್ಪೆಯ ಹಿಂದಿನ ಬೇಲಿಯ ಮೇಲೆ ಯಾವುದೋ ಬಳ್ಳಿ ಹಬ್ಬಿದ್ದನ್ನು ಅವಳು ಕಂಡಿದ್ದಳು. ಹಳದಿ ಹೂ ತುಂಬ ಇತ್ತು, ಒಂದು ಹೀಚೂ ಇರಲಿಲ್ಲ. ಕೀಳೋಣವೆಂದು ಕೈ ಹಾಕಿ, ಮುಳ್ಳು ಚುಚ್ಚಿದ್ದರಿಂದ ಬಿಟ್ಟು ಬಂದಿದ್ದಳು.

ಸೋಮಮ್ಮ ಮಾತು ಪೂರ್ತಿ ಕೇಳಲಿಲ್ಲ. ಐವತ್ತೆಂಟರ ಹೆಂಗಸು ಸೀರೆ ಎತ್ತಿ ಕಟ್ಟಿ ಕೆರೆ ದಾರಿಯಲ್ಲಿ ಓಡಿದಳು, ಹಿಂದೆ ಸೊಸೆ ಓಡಿದಳು. ತಿಪ್ಪೆಯ ಬೆಚ್ಚನೆ ಗೊಬ್ಬರದಲ್ಲಿ ಯಾರೂ ನೀರು ಹಾಕದೆ, ಯಾರೂ ನೋಡದೆ, ಬಳ್ಳಿಗಳು ಬೇಲಿ ಏರಿ ಕೂತಿದ್ದವು. ಸೋಮಮ್ಮ ಮುಳ್ಳು ಸರಿಸಿ ಬುಡ ಎಣಿಸಿದಳು. ಆರು. ಮತ್ತೊಮ್ಮೆ ಎಣಿಸಿದಳು. ಆರೇ. ಅವಳು ತಿಪ್ಪೆಯ ಅಂಚಿನಲ್ಲೇ ಕುಕ್ಕರಿಸಿ, ಸೆರಗು ಬಾಯಿಗಿಟ್ಟು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

ಅಲ್ಲಿಂದ ಮುಂದೆ ದಿನಾ ಬೆಳಕು ಹರಿಯುತ್ತಲೇ ಅದೇ ಕೆಲಸ. ಸೋಮಮ್ಮ ತಿಪ್ಪೆಯಿಂದ ಬಿರಿದ ಗಂಡು ಹೂಗಳನ್ನು ಒದ್ದೆ ಬಟ್ಟೆಯಲ್ಲಿ ತರುತ್ತಿದ್ದಳು. ಶಶಿರೇಖಾ ಎಸಳು ಕಿತ್ತು ನಡುವಿನ ಕೇಸರ ಉಳಿಸಿ ಕೊಡುತ್ತಿದ್ದಳು. ಚಪ್ಪರದ ಕೆಳಗೆ ಬಗ್ಗಿ ಬಗ್ಗಿ ಇಬ್ಬರೂ ಒಂದೊಂದು ಹೆಣ್ಣು ಹೂವಿಗೂ ಅದನ್ನು ಮೆಲ್ಲಗೆ ಮುಟ್ಟಿಸುತ್ತಿದ್ದರು, ಹಣೆಗೆ ಕುಂಕುಮ ಇಟ್ಟ ಹಾಗೆ. ಬೇಲಿಯಾಚೆಯಿಂದ ಇಣುಕಿದ ಸುಂದ್ರಮ್ಮ, ಅತ್ತೆ ಸೊಸೆಗೆ ಬುದ್ಧಿ ಕೆಟ್ಟಿದೆ ಎಂದು ಸಾರಿದಳು. ಸಾರಲಿ ಎಂದು ಬಿಟ್ಟರು.

ಮೂರನೆಯ ದಿನ ಹೀಚು ಉದುರಲಿಲ್ಲ. ಐದನೆಯ ದಿನ ಹೆಬ್ಬೆರಳಿನ ಗಾತ್ರವಾಯಿತು. ಹತ್ತು ದಿನಕ್ಕೆ ಗೇಣುದ್ದದ ಎಳೆ ಸೌತೆ ಚಪ್ಪರದ ತುಂಬ ಜೋತಾಡಿದವು. ಕೆಳಗೆ ನಡೆದರೆ ತಲೆಗೆ ತಾಕುತ್ತಿದ್ದವು. ದಿನಕ್ಕೊಂದು ಮಂಕರಿ ಕಿತ್ತರೂ ಮುಗಿಯಲಿಲ್ಲ. ಬೀದಿಯ ಮನೆ ಮನೆಗೂ ಹಂಚಿದರು. ಸುಂದ್ರಮ್ಮನ ಮನೆಗೆ ಸೋಮಮ್ಮ ಬೇಕಂತಲೇ ನಾಲ್ಕು ಹೆಚ್ಚು ಕಳಿಸಿದಳು.

ರೋಹಿಣಿ ಮಳೆಯ ಹೊಸ್ತಿಲಲ್ಲಿ ಗುರುಪಾದಸ್ವಾಮಿ ತಾವೇ ಹಿತ್ತಿಲಿಗೆ ಬಂದರು. ಶಶಿರೇಖಾ ಸೌತೆ ಸೀಳಿ ಉಪ್ಪು ಖಾರ ಸವರಿ ಕೊಟ್ಟಳು. ಅವರು ಚಪ್ಪರದ ಕೆಳಗೆ ನಿಂತು ತಿನ್ನುತ್ತಾ, ಊರಿನವರ ಮಾತು ಕೇಳಿ ತಾವು ತಪ್ಪು ಮಾಡಿದೆವೆಂದರು. ಆ ಮಾತಿಗೆ ತಲೆಯಾಡಿಸಿ ಸುಮ್ಮನಿದ್ದಿದ್ದರೆ ಎಲ್ಲ ಮುಗಿದು ಹೋಗುತ್ತಿತ್ತು. ಸೋಮಮ್ಮ ಸುಮ್ಮನಿರಲಿಲ್ಲ. ಹಸಿರು ಬೀಜ ಎಸೆದದ್ದು, ಸೊಸೆಗೆ ಬಯ್ದದ್ದು, ಗುಂಡ್ಲುಪೇಟೆಯ ಜಗಳ, ತಿಪ್ಪೆಯ ಬಳ್ಳಿ, ಒಂದೂ ಬಿಡದೆ ಹೇಳಿದಳು. ಮೊರದ ಮುಂದೆ ಕೂತು ಇಷ್ಟು ವರ್ಷ ಬೇರೆಯವರ ಬೀಜದ ದೋಷ ಹೇಳಿದವಳು ತನ್ನ ದೋಷ ಬಚ್ಚಿಟ್ಟರೆ ಆ ಮೊರ ಹಿಡಿಯುವುದು ಹೇಗೆ ಎಂದು ಅವಳ ಯೋಚನೆ. ಕೊನೆಗೆ, ಕೊಂಬು ಯಾರ ಕೈಯಲ್ಲಿ ನೆಡಿಸಬೇಕೋ ಈಗ ನೀವೇ ನೋಡಿ ಎಂದಳು.

ಗುರುಪಾದಸ್ವಾಮಿ ತಿನ್ನುವುದನ್ನು ನಿಲ್ಲಿಸಿದರು.

"ಆರು ಎಸೆದೆ. ಹುಟ್ಟಿದ್ದೆಷ್ಟು?"

"ಆರೂ ಹುಟ್ಕಂಡವ ಸ್ವಾಮಿ."

"ನೀನು ಬೇಡ ಅಂತ ತಿಪ್ಪೆಗೆ ಎಸೆದ ಬೀಜಾನೂ ಒಂದು ತಪ್ಪದಂಗೆ ಹುಟ್ಕಂಡದ. ಇನ್ನು ಬೇಕು ಅಂತ ನೆಟ್ಟದ್ದು ಹುಟ್ದೆ ಇದ್ದದಾ, ಸೋಮಮ್ಮ? ಗುರುವಾರ ನಾಟಿ. ಬಂದ್ಬುಡು."

ಗುರುವಾರ ಬೆಳಿಗ್ಗೆ ಹದವಾಗಿ ಮಳೆ ಬಿದ್ದ ಹೊಲದಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರು. ಬಿತ್ತನೆ ಅರಿಶಿನದ ಬುಟ್ಟಿಯನ್ನು ತಂದು ಮುಂದಿಟ್ಟವಳು ಸುಂದ್ರಮ್ಮ. ಸೌತೆ ಚೆನ್ನಾಗಿತ್ತು ಎಂದು ಹೇಳಿ ಸಾಲಿಗೆ ಸೇರಿಕೊಂಡಳು. ಸೋಮಮ್ಮ ಮೂಡಲಿಗೆ ಕೈಮುಗಿದು, ಬಗ್ಗಿ, ಮೊದಲ ಕೊಂಬನ್ನು ಮಣ್ಣಿಗಿಟ್ಟಳು. ಸಾಲಿನವರು ಸೀರೆ ಎತ್ತಿಕಟ್ಟಿ ಬಗ್ಗಲು ಹೊರಟರು. ಅವಳು ಕೈ ಅಡ್ಡ ಮಾಡಿ ನಿಲ್ಲಿಸಿದಳು. ಬುಟ್ಟಿಯಿಂದ ಇನ್ನೊಂದು ಕೊಂಬು ಆರಿಸಿ, ಸಾಲಿನ ತುದಿಯಲ್ಲಿದ್ದ ಸೊಸೆಯನ್ನು ಕರೆದು ಅವಳ ಅಂಗೈಯಲ್ಲಿಟ್ಟಳು.

"ಎರಡ್ನೇದು ನೀ ನೆಡು ಕಣಮ್ಮಿ."

ಶಶಿರೇಖಾ ಬಗ್ಗಿದಳು. ಆ ಹೊಲದಲ್ಲಿ ಮೊದಲ ಸಲ, ಊರಿನ ಹೆಂಗಸರು ಇನ್ನೊಬ್ಬಳ ಕೈ ಮಣ್ಣು ಮುಟ್ಟುವುದನ್ನೂ ಕಾದು ನಿಂತರು.